ಒಂಬತ್ತನೆಯವನ ಜ್ವರ

ಪತ್ರಿಕೆಯಲ್ಲಿ ಬಂದ ಆ ನಾಲ್ಕು ಸಾಲನ್ನು ಓದಿದ ದಿನ ದರ್ಜಿ ಒಬ್ಬ ಗಿರಾಕಿಯ ಪ್ಯಾಂಟಿನ ಎರಡೂ ಜೇಬುಗಳ ಬಾಯಿಯನ್ನು ಹೊಲಿದು ಮುಚ್ಚಿಬಿಟ್ಟ. ನಲವತ್ತು ವರ್ಷದ ಕಸುಬಿನಲ್ಲಿ ಇಂಥ ತಪ್ಪು ಅವನಿಂದ ಆಗಿರಲಿಲ್ಲ. ಗಿರಾಕಿ ಬಂದು, ಪ್ಯಾಂಟು ತೊಟ್ಟು, ಕೈ ತೂರಿಸಲು ಜಾಗ ಸಿಗದೆ ತೊಡೆ ತಡಕಾಡುತ್ತಿದ್ದರೆ ದರ್ಜಿ ಆ ಕಡೆ ತಿರುಗಿಯೂ ನೋಡದೆ, "ಜೇಬಲ್ಲಿ ಕೈ ಇಟ್ಕೊಂಡು ಓಡಾಡೋದು ಒಳ್ಳೇ ಅಭ್ಯಾಸ ಅಲ್ಲ ಬಿಡಿ" ಅಂದ. ಆಮೇಲೆ ಅವನಿಗೇ ನಾಚಿಕೆಯಾಗಿ, ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ ಕೊಟ್ಟು ಕಳಿಸಿದ.

ಪತ್ರಿಕೆಯಲ್ಲಿ ಬಂದಿದ್ದು ಇಷ್ಟು. ಬಾಕ್ಸಿಂಗ್ ಸಂಘದ ಹೊಸ ಸಭಾಂಗಣದ ಗೋಡೆಗೆ ಹಳೆಯ ಚಾಂಪಿಯನ್ನರ ಕಂಚಿನ ಫಲಕಗಳನ್ನು ಹಾಕುತ್ತಾರೆ. ಭಾರಿ ತೂಕದವರಿಗೆ ನಾಲ್ಕು ಜಾಗ, ಮಧ್ಯಮ ತೂಕದವರಿಗೆ ಮೂರು, ಹಗುರ ತೂಕದವರಿಗೆಲ್ಲ ಸೇರಿ ಒಂದೇ ಒಂದು. ಮೈ ಸಣ್ಣಗಿದ್ದರೆ ಗೋಡೆಯಲ್ಲೂ ಜಾಗ ಸಣ್ಣದೇ ಇರಬೇಕೆಂದು ಯಾರು ತೀರ್ಮಾನಿಸಿದರೋ ಕಾಣೆ. ಆ ಒಂದು ಜಾಗಕ್ಕೆ ಇಬ್ಬರು. ಒಬ್ಬ, ರಿಂಗಿನಲ್ಲಿ ಗುಬ್ಬಿ ಎಂದು ಹೆಸರಾದವನು. ಐವತ್ತೊಂದು ಕಿಲೋ ತೂಕದಲ್ಲಿ ಆರು ವರ್ಷ ಪಟ್ಟ ಬಿಟ್ಟುಕೊಡದೆ ಹದಿನಾಲ್ಕು ಮಂದಿಯನ್ನು ಸೋಲಿಸಿದವನು. ಇನ್ನೊಬ್ಬ ಮಿಂಚು. ಅರವತ್ತು ಕಿಲೋದವನು, ಹನ್ನೆರಡು ಮಂದಿಯನ್ನು ಸೋಲಿಸಿದವನು. ಎಣಿಕೆಯಲ್ಲಿ ಗುಬ್ಬಿ ಮುಂದಿದ್ದರೂ ಸಮಿತಿ ಮಿಂಚಿನ ಕಡೆಗೇ ವಾಲಿದೆ ಎಂದು ಬರೆದಿತ್ತು ಪತ್ರಿಕೆ. ಯಾಕೆಂದರೆ ಗುಬ್ಬಿ ಹೊಡೆದಿದ್ದಾದರೂ ಯಾರನ್ನು? 'ಒಬ್ಬ ಬಸ್ ಕಂಡಕ್ಟರು, ಒಬ್ಬ ಬೇಕರಿಯವನು, ಒಬ್ಬ ಗಾರೆ ಮೇಸ್ತ್ರಿ, ಒಬ್ಬ ದರ್ಜಿ. ತರಗೆಲೆ ಗುಡಿಸಿದವನನ್ನು ಬಿರುಗಾಳಿ ಅನ್ನಲಾದೀತೇ?'

ಆ ದರ್ಜಿ ಇವನೇ. ಗುಬ್ಬಿಯ ಕೈಯಲ್ಲಿ ಸೋತ ಹದಿನಾಲ್ಕು ಮಂದಿಯಲ್ಲಿ ಒಂಬತ್ತನೆಯವನು. ಆಗ ಅವನಿಗೆ ಇಪ್ಪತ್ತಾರು, ಈಗ ಅರವತ್ತಾರು.

ಮಧ್ಯಾಹ್ನ ಊಟಕ್ಕೆ ಬಂದವನು ತಟ್ಟೆಯ ಪಕ್ಕದಲ್ಲೇ ಪತ್ರಿಕೆ ಬಿಡಿಸಿಟ್ಟು ಹೆಂಡತಿಗೆ ಓದಿ ಹೇಳಿದ. ಆಕೆ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಯಾರ ಸಂಕಟಕ್ಕೂ ಬೇಗ ಗಾಬರಿಯಾಗುವ ಪೈಕಿ ಅಲ್ಲ.

"ನಿಮ್ಮ ಮೂಗು ಮುರಿದವನ ಪರವಾಗಿ ನೀವ್ಯಾಕೆ ರೀ ಕುಣೀತೀರಾ?" ಅಂದಳು.

"ಅವನು ಮುರಿದಿದ್ದಕ್ಕೇ ಕಣೇ. ದೊಡ್ಡವನ ಕೈಲಿ ಮುರಿಸ್ಕೊಂಡೆ ಅಂತ ಇಷ್ಟು ವರ್ಷ ಸಮಾಧಾನ ಮಾಡ್ಕೊಂಡಿದ್ದೀನಿ. ಈಗ ಅವನು ಅಷ್ಟೇನಲ್ಲ ಅಂದ್ರೆ ಈ ಮೂಗಿಗೆ ಏನು ಮರ್ಯಾದೆ ಉಳೀತು?"

ಹೆಂಡತಿ ನಕ್ಕಳು. ಅವನು ನಗಲಿಲ್ಲ. ಎಡಗೈ ಬೆರಳನ್ನು ತರಗೆಲೆ ಎಂಬ ಪದದ ಮೇಲಿಟ್ಟುಕೊಂಡೇ ಊಟ ಮುಗಿಸಿದ. ಜೀವನದಲ್ಲಿ ಒಂದೇ ಒಂದು ಸಲ ಅವನು ಪಟ್ಟಕ್ಕಾಗಿ ಕಾದಾಡಿದ್ದ, ಹನ್ನೊಂದನೆಯ ಸುತ್ತಿನವರೆಗೆ ನಿಂತಿದ್ದ. ಉಳಿದದ್ದೆಲ್ಲ ತೋಳು, ಕಾಲರು, ಗುಂಡಿ. ಆ ಹನ್ನೊಂದು ಸುತ್ತು ಕಸವಾದರೆ ತಾನೂ ಕಸವೇ ಎಂಬುದು ಅವನ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಆ ಪಂದ್ಯದ ಬಗ್ಗೆ ಮನೆಯಲ್ಲಿ ಒಂದು ಕತೆ ಇತ್ತು. ಅಂದು ದರ್ಜಿಗೆ ಜ್ವರ. ಜ್ವರದಲ್ಲೇ ರಿಂಗಿಗೆ ಹತ್ತಿದ, ಇಲ್ಲದಿದ್ದರೆ ಗುಬ್ಬಿಯ ಪಟ್ಟ ಅಂದೇ ಉರುಳುತ್ತಿತ್ತು. ಈ ಕತೆಯನ್ನು ಅವನು ನೆಂಟರಿಗೆ, ಗಿರಾಕಿಗಳಿಗೆ, ಅಳಿಯನಿಗೆ ಎಲ್ಲರಿಗೂ ಹೇಳಿದ್ದ. ಮಗಳಂತೂ ಮೂರನೆಯ ತರಗತಿಯಲ್ಲಿ 'ನನ್ನ ತಂದೆ' ಎಂಬ ಪ್ರಬಂಧ ಬರೆದಾಗ ಮೊದಲ ಸಾಲಿನಲ್ಲೇ ಜ್ವರವನ್ನು ತಂದಿದ್ದಳು. ವರ್ಷ ಕಳೆದಂತೆ ಜ್ವರವೂ ಏರುತ್ತ ಬಂತು. ಮೊದಮೊದಲು ನೂರು ಡಿಗ್ರಿ ಇದ್ದದ್ದು ಮಗಳ ಮದುವೆಯ ಹೊತ್ತಿಗೆ ನೂರ ಮೂರು ಆಗಿತ್ತು. ಅಂಥ ಜ್ವರದಲ್ಲಿ ಮನುಷ್ಯ ಹಾಸಿಗೆಯಿಂದ ಏಳುವುದೇ ಕಷ್ಟ, ಇವನು ಹನ್ನೊಂದು ಸುತ್ತು ಹೊಡೆದಾಡಿದ್ದ. ಯಾರೂ ಪ್ರಶ್ನಿಸಲಿಲ್ಲ. ಮನೆಯ ಕತೆಗಳನ್ನು ಯಾರು ತಾನೆ ತೂಗಿ ನೋಡುತ್ತಾರೆ?

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದು, 'ಹತ್ತು ನಿಮಿಷದಲ್ಲಿ ಬರುತ್ತೇನೆ' ಎಂಬ ಹಲಗೆ ನೇತುಹಾಕಿ, ದರ್ಜಿ ಸಂಘದ ಕಚೇರಿಗೆ ಹೋದ. ಮರಳಿದ್ದು ಮೂರು ಗಂಟೆಯ ಮೇಲೆ. ಅಲ್ಲಿನ ಗುಮಾಸ್ತ ಒಳ್ಳೆಯ ಮನುಷ್ಯ. ಬಾಕ್ಸಿಂಗಿನ ಬಗ್ಗೆ ಏನೂ ತಿಳಿಯದಿದ್ದರೂ ಕಾಗದಗಳ ಬಗ್ಗೆ ಎಲ್ಲ ತಿಳಿದವನು. ಸಮಿತಿ ಎದುರಾಳಿಗಳ ಗುಣಮಟ್ಟ ಅಳೆದ ಹಾಳೆಯನ್ನು ತೆಗೆದು ತೋರಿಸಿದ.

"ನೋಡಿ ಯಜಮಾನ್ರೇ, ತುಂಬಾ ಸರಳ. ಒಬ್ಬೊಬ್ಬ ಎದುರಾಳಿ ಜೀವನದಲ್ಲಿ ಎಷ್ಟು ಗೆದ್ದ, ಎಷ್ಟು ಸೋತ. ಅದರ ಮೇಲೆ ಅಂಕ. ನೀವು ಇಲ್ಲಿದ್ದೀರಿ, ಒಂಬತ್ತನೇ ಸಾಲು. ಇಪ್ಪತ್ತು ಗೆಲುವು, ಹನ್ನೊಂದು ಸೋಲು. ಹತ್ತಕ್ಕೆ ನಾಲ್ಕು ಕೊಟ್ಟಿದ್ದಾರೆ."

ದರ್ಜಿ ಕನ್ನಡಕ ಏರಿಸಿ ನೋಡಿದ. ಸುಳ್ಳಿರಲಿಲ್ಲ. ಇಪ್ಪತ್ತೂ ಅವನದೇ, ಹನ್ನೊಂದೂ ಅವನದೇ. ಕಂಡಕ್ಟರಿಗೂ ನಾಲ್ಕು. ಬೇಕರಿಯವನಿಗೆ ಮೂರು. ಮೇಸ್ತ್ರಿಗೆ ಪಾಪ ಎರಡೂವರೆ. ಇದ್ದದ್ದೆಲ್ಲ ಸರಿಯಾಗಿಯೇ ಇತ್ತು, ಆದರೂ ಏನೋ ಒಂದು ತಪ್ಪಾಗಿತ್ತು. ಅದೇನೆಂದು ಹೊಳೆಯದೆ ಅವನು ಹಾಳೆಯ ನಕಲು ಮಡಚಿಕೊಂಡು ಅಂಗಡಿಗೆ ಬಂದ.

ಹೊಳೆದದ್ದು ಸಂಜೆ, ಒಬ್ಬ ಹಳೆಯ ಗಿರಾಕಿಯಿಂದ. ಆತ ಇಪ್ಪತ್ತು ವರ್ಷದ ಹಿಂದೆ ಇಲ್ಲೇ ಹೊಲಿಸಿದ್ದ ಕೋಟು ತಂದು, "ನೀವು ಬಿಗಿಯಾಗಿ ಹೊಲಿದುಬಿಟ್ಟಿದ್ದೀರಿ ಕಣ್ರೀ, ಗುಂಡಿನೇ ಹಾಕಕ್ಕಾಗಲ್ಲ" ಎಂದು ದೂರಿದ. ದರ್ಜಿ ಇಂಥವರನ್ನು ದಿನಾ ನೋಡುತ್ತಾನೆ. ಕಪಾಟಿನ ಮೇಲಿಂದ ಹಳೆಯ ಅಳತೆ ಪುಸ್ತಕ ಇಳಿಸಿ, ಧೂಳು ಊದಿ, ಪುಟ ತೆಗೆದು ಮುಂದಿಟ್ಟ. ಪ್ರತಿ ಅಳತೆಯ ಪಕ್ಕದಲ್ಲೂ ಅವನು ತಾರೀಖು ಬರೆದಿರುತ್ತಾನೆ. ಗುರು ಕಲಿಸಿದ ಮೊದಲ ಪಾಠ ಅದು.

"ಹೊಟ್ಟೆ ಮೂವತ್ತೆರಡು ಇಂಚು. ತಾರೀಖು ನೋಡಿ. ಅವತ್ತಿನ ಹೊಟ್ಟೆಗೆ ಅವತ್ತಿನ ಕೋಟು ಸರಿಯಾಗೇ ಇತ್ತು. ಇವತ್ತಿನ ಹೊಟ್ಟೆ ಇಟ್ಕೊಂಡು ಅವತ್ತಿನ ಕೋಟನ್ನ ಬಯ್ದರೆ..." ಎಂದವನು ಅಲ್ಲಿಗೇ ನಿಂತುಬಿಟ್ಟ. ಗಿರಾಕಿ ಕಾದ. ದರ್ಜಿ ಜೇಬಿನಿಂದ ಸಂಘದ ಹಾಳೆ ತೆಗೆದು ಬಿಡಿಸಿ ನೋಡತೊಡಗಿದ. ಆ ಹಾಳೆಯಲ್ಲಿ ತಾರೀಖೇ ಇರಲಿಲ್ಲ.

ಗುಬ್ಬಿಯ ಎದುರು ನಿಂತ ದಿನ ದರ್ಜಿ ಹದಿನೆಂಟು ಪಂದ್ಯ ಆಡಿದ್ದ. ಹದಿನೆಂಟನ್ನೂ ಗೆದ್ದಿದ್ದ. ಆ ಹನ್ನೊಂದು ಸೋಲುಗಳಲ್ಲಿ ಮೊದಲನೆಯದು ಗುಬ್ಬಿಯ ಕೈಯಲ್ಲಿ. ಉಳಿದ ಹತ್ತೂ ಆಮೇಲಿನವು. ಗುಬ್ಬಿಯ ಹೊಡೆತ ತಿಂದ ಮೇಲೆ ಯಾರು ಕೈ ಎತ್ತಿದರೂ ಅವನಿಗೆ ಗುಬ್ಬಿಯ ಮುಷ್ಟಿಯೇ ಕಾಣುತ್ತಿತ್ತು, ಕಾಲು ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಸಮಿತಿ ಅಳೆದದ್ದು ಗುಬ್ಬಿ ಮುರಿದ ಮೇಲೆ ಉಳಿದ ದರ್ಜಿಯನ್ನು. ಮುರಿಯುವ ಮುಂಚಿನ ದರ್ಜಿಯನ್ನಲ್ಲ.

ಅಲ್ಲಿಂದ ಮೂರು ವಾರ ಅಂಗಡಿಯಲ್ಲಿ ಹೊಲಿಗೆಗಿಂತ ಹುಡುಕಾಟವೇ ಹೆಚ್ಚು. ಮಗಳು ಶಾಲೆಯಲ್ಲಿ ಭೂಗೋಳದ ಮೇಡಂ, ರಜಾದಿನ ಬಂದರೆ ಅಪ್ಪನ ಪಕ್ಕ ಕೂತು ಹಳೆಯ ಪಂದ್ಯಗಳ ಕರಪತ್ರ, ಗ್ರಂಥಾಲಯದ ಹಳೆಯ ಪತ್ರಿಕೆ ಎಲ್ಲ ಜಾಲಾಡಿ, ಹದಿನಾಲ್ಕೂ ಮಂದಿಯ 'ಆ ದಿನದ ಅಳತೆ'ಯನ್ನು ಒಂದು ಪಟ್ಟಿಗೆ ಇಳಿಸಿದಳು. ಹದಿನಾಲ್ವರಲ್ಲಿ ಹನ್ನೊಂದು ಮಂದಿ ಗುಬ್ಬಿಯನ್ನು ಎದುರಿಸುವ ಮುಂಚೆ ಎರಡೆರಡು ವರ್ಷ ಸೋಲನ್ನೇ ಕಂಡಿರಲಿಲ್ಲ. ಮೇಸ್ತ್ರಿಯಂತೂ ಅಂದು ಇಪ್ಪತ್ಮೂರಕ್ಕೆ ಇಪ್ಪತ್ಮೂರು ಗೆದ್ದು ಬಂದವನು.

ಆರನೆಯವನ ಸಾಲು ಬಂದಾಗ ಮಗಳ ಪೆನ್ನು ನಿಂತಿತು. "ಅಪ್ಪ, ಇವರು ನಾಲ್ಕು ಗೆದ್ದು ಮೂರು ಸೋತಿದ್ದಾರೆ. ಬೇರೆ ಯಾರೋ ಕೈ ಕೊಟ್ಟಾಗ ನಾಲ್ಕೇ ದಿನ ಮುಂಚೆ ಕರೆಸಿದ್ದಂತೆ. ಇದನ್ನ ಬಿಟ್ಟುಬಿಡೋಣವಾ?"

"ಬರಿ. ನಾಲ್ಕು, ಮೂರು ಅಂತಾನೇ ಬರಿ. ಟೇಪನ್ನ ಒಬ್ಬನಿಗೆ ಬಿಗಿಯಾಗಿ, ಇನ್ನೊಬ್ಬನಿಗೆ ಸಡಿಲವಾಗಿ ಹಿಡಿಯಕ್ಕಾಗಲ್ಲ."

ಅದೇ ಟೇಪನ್ನು ಮಿಂಚಿಗೂ ಹಿಡಿದರು. ಮಿಂಚು ಸೋಲಿಸಿದ ಹನ್ನೆರಡು ಮಂದಿಯಲ್ಲಿ ನಾಲ್ಕು ಭಾರಿ ಹೆಸರುಗಳಿದ್ದವು, ಸಮಿತಿ ಕಣ್ಣರಳಿಸಿದ್ದೂ ಅವಕ್ಕೇ. ಆದರೆ ಮಿಂಚಿನ ಎದುರು ಬಂದ ದಿನ ಅವರಲ್ಲಿ ಇಬ್ಬರಿಗೆ ಮೂವತ್ತಾರು ದಾಟಿತ್ತು, ಒಬ್ಬ ಮೂರು ವರ್ಷದಿಂದ ಗ್ಲೌಸೇ ತೊಟ್ಟಿರಲಿಲ್ಲ, ಇನ್ನೊಬ್ಬ ಅದಕ್ಕೆ ಮುಂಚಿನ ಐದು ಪಂದ್ಯಗಳಲ್ಲಿ ನಾಲ್ಕನ್ನು ಸೋತಿದ್ದ. ಹೆಸರು ದೊಡ್ಡದು, ಒಳಗಿದ್ದ ಮನುಷ್ಯ ಸವೆದುಹೋಗಿದ್ದ.

ಗುಮಾಸ್ತನ ಮೂಲಕ ಅರ್ಜಿ ಕೊಟ್ಟಾಗ ಸಮಿತಿ ಒಂದು ಭಾನುವಾರ ಬರಹೇಳಿತು. ಜೊತೆಗೆ ಬರುವವರನ್ನೂ ದರ್ಜಿ ಫೋನು ಮಾಡಿ ಒಟ್ಟುಗೂಡಿಸಿದ. ಹದಿನಾಲ್ವರಲ್ಲಿ ನಾಲ್ವರು ತೀರಿಕೊಂಡಿದ್ದರು. ಮೂವರು ದೂರದಲ್ಲಿದ್ದರು. ಕಂಡಕ್ಟರಂತೂ ಮೊದಲು ಗೊಣಗಿದ.

"ಅವನನ್ನ ಗೋಡೆ ಮೇಲೆ ಹತ್ತಿಸಕ್ಕೆ ನಾನ್ಯಾಕಣ್ಣ ಬರಲಿ? ಇವತ್ತಿಗೂ ಗಟ್ಟಿ ಪದಾರ್ಥ ಅಗಿಯೋವಾಗ ದವಡೆ ಕಟಕಟ ಅನ್ನುತ್ತೆ."

"ಅವನು ಕೆಳಗಿದ್ರೆ ನೀನು ಅವನಿಗಿಂತ ಕೆಳಗಿರ್ತೀಯ ಕಣಯ್ಯ. ಅವನನ್ನ ಹತ್ತಿಸು, ನೀನೂ ಒಂದು ಮೆಟ್ಟಿಲು ಹತ್ತುತ್ತೀಯ."

"ಎಷ್ಟು ಗಂಟೆಗೆ ಬರಬೇಕು?" ಅಂದ ಕಂಡಕ್ಟರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಕಚೇರಿಯ ಮಹಡಿಯ ಕೋಣೆ. ಉದ್ದ ಮೇಜಿನ ಆ ಕಡೆ ಸಮಿತಿಯ ಐವರು, ಈ ಕಡೆ ಕಬ್ಬಿಣದ ಕುರ್ಚಿಗಳಲ್ಲಿ ಏಳು ಮಂದಿ ಮುದುಕರು. ಒಬ್ಬೊಬ್ಬರದೂ ಮೂಗು ಒಂದೊಂದು ದಿಕ್ಕಿಗೆ ತಿರುಗಿತ್ತು. ಗೋಡೆಯ ಬದಿಗೆ ದರ್ಜಿಯ ಹೆಂಡತಿ, ಮಗಳು. ಹಿಂದಿನ ಕಿಟಕಿಯ ಪಕ್ಕ ಒಬ್ಬ ಸಣ್ಣ ಮನುಷ್ಯ, ಕೈಯಲ್ಲಿ ಕೊಳಾಯಿ ರಿಪೇರಿಯ ಸಲಕರಣೆಗಳ ಚೀಲ. ಇಲ್ಲಿ ಮುಗಿಸಿಕೊಂಡು ಯಾರ ಮನೆಗೋ ನಲ್ಲಿ ಸರಿಮಾಡಲು ಹೋಗಬೇಕಿತ್ತಂತೆ. ಅದೇ ಗುಬ್ಬಿ. ಸಮಿತಿ ಕರೆದಿದೆಯೆಂದು ಬಂದಿದ್ದ, ಯಾರ ಕಡೆಗೂ ನೋಡದೆ ಕೂತಿದ್ದ. ಮಿಂಚು ಊರಲ್ಲಿರಲಿಲ್ಲ, ಪತ್ರ ಕಳಿಸಿದ್ದ.

ಸಮಿತಿಯ ಅಧ್ಯಕ್ಷೆ ಹಳೆಯ ಕ್ರೀಡಾ ವರದಿಗಾರ್ತಿ. ಆ ಕಾಲದಲ್ಲಿ ರಿಂಗಿನ ಪಕ್ಕ ಕೂತು ಬರೆಯುತ್ತಿದ್ದ ಒಬ್ಬಳೇ ಹೆಂಗಸು. ಎಪ್ಪತ್ತು ದಾಟಿದ್ದರೂ ಅವರ ಕಣ್ಣು ತಪ್ಪಿಸುವುದು ಇಂದಿಗೂ ಸುಲಭವಲ್ಲ.

ದರ್ಜಿ ಎದ್ದು ನಿಂತ. ಅಳತೆ ಪುಸ್ತಕದ ಮಾತು ಹೇಳಿದ, ತಾರೀಖಿನ ಮಾತು ಹೇಳಿದ, ಪಟ್ಟಿಯನ್ನು ಒಂದೊಂದೇ ಸಾಲು ಓದಿದ. ಆರನೆಯವನ ನಾಲ್ಕು-ಮೂರನ್ನೂ ಮುಚ್ಚಿಡದೆ ಓದಿದ. ಮಿಂಚಿನ ಪಟ್ಟಿ ಓದುವಾಗ, "ಮಿಂಚು ಒಳ್ಳೇ ಆಟಗಾರ. ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳ್ತಿರೋದು ಅವನ ಮುಂದೆ ನಿಂತವರು ಆ ದಿನ ಯಾರಾಗಿದ್ರು ಅಂತ, ಅಷ್ಟೇ" ಅಂದ. ಸಮಿತಿಯಲ್ಲಿ ಇಬ್ಬರು ಬರೆದುಕೊಳ್ಳತೊಡಗಿದರು. ಕಂಡಕ್ಟರು ಮೇಸ್ತ್ರಿಯ ತೊಡೆ ತಿವಿದ. ಗೆದ್ದೆವು ಎಂದೇ ಎಲ್ಲರಿಗೂ ಅನ್ನಿಸಿತು.

ಆಗ ಅಧ್ಯಕ್ಷೆ ಒಂದು ಹಳೆಯ ಕಡತ ಬಿಚ್ಚಿದರು.

"ತಾರೀಖಿನ ಮಾತು ಸರಿ ದರ್ಜಿಯವರೇ. ನಾವೇ ಯೋಚನೆ ಮಾಡಬೇಕಿತ್ತು, ಮಾಡಲಿಲ್ಲ. ಆದರೆ ಆ ದಿನ ಅಂತ ನೀವೇ ಹೇಳಿದ್ರಿ. ಹಾಗಾದರೆ ಆ ದಿನದ ಬಗ್ಗೇನೇ ಮಾತಾಡೋಣ." ಅವರು ಪತ್ರಿಕೆಯ ಹಳದಿ ತುಂಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. "ಇವೆಲ್ಲ ನಾನೇ ಬರೆದದ್ದು, ನಿಮ್ಮ ಬಾಯಿಂದಲೇ ಕೇಳಿ. ಎರಡನೆಯವರು, ಕಂಡಕ್ಟರು: ಬೂಟು ಜಾರುತ್ತಿತ್ತು. ಐದನೆಯವರು, ಬೇಕರಿಯವರು: ಹಿಂದಿನ ದಿನ ಒಲೆಯಲ್ಲಿ ಕೈ ಸುಟ್ಟಿತ್ತು. ಹನ್ನೊಂದನೆಯವರು, ಮೇಸ್ತ್ರಿ: ಕಣ್ಣಿಗೆ ಸುಣ್ಣ ಬಿದ್ದಿತ್ತು. ಹದಿನಾಲ್ಕರಲ್ಲಿ ಒಂಬತ್ತು ಮಂದಿಗೆ ಆ ದಿನವೇ ಏನೋ ಒಂದು ಆಗಿತ್ತು. ಇನ್ನು ಒಂಬತ್ತನೆಯವರು ನೀವು. ಪಂದ್ಯ ಮುಗಿದ ವಾರ: ನೂರು ಡಿಗ್ರಿ ಜ್ವರ. ಐದು ವರ್ಷದ ಮೇಲೆ: ನೂರ ಒಂದು. ಸಂಘದ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ: ನೂರ ಎರಡೂವರೆ."

ಕೋಣೆಯಲ್ಲಿ ನಗು ಎದ್ದಿತು. ಅಧ್ಯಕ್ಷೆ ನಗಲಿಲ್ಲ.

"ನಾನು ಕುಹಕ ಮಾಡ್ತಿಲ್ಲ. ಗುಬ್ಬಿ ನನಗೂ ಇಷ್ಟ. ಆದರೆ ಜ್ವರದವನನ್ನ, ಕೈ ಸುಟ್ಟವನನ್ನ, ಕಣ್ಣು ಕಾಣದವನನ್ನ ಸೋಲಿಸಿದವನು ಅಂತ ಫಲಕದ ಮೇಲೆ ಬರೀಲಾ? ನಿಮ್ಮ ಮಾತನ್ನ ನಂಬಿದ್ರೆ ನೀವು ತರಗೆಲೆಗಳಲ್ಲ, ಸರಿ. ರೋಗಿಗಳು. ಹೇಳಿ, ಆವತ್ತು ನಿಮಗೆ ಜ್ವರ ಇತ್ತೋ ಇಲ್ವೋ?"

ದರ್ಜಿ ಪಟ್ಟಿಯನ್ನು ಮಡಚಿ ಮೇಜಿನ ಮೇಲಿಟ್ಟ. ಗುಬ್ಬಿಯ ಎದುರು ಕೂಡ ಇಂಥ ಇಕ್ಕಟ್ಟು ಬಂದಿರಲಿಲ್ಲ. ಬಲಗಡೆಗೆ ಮಗಳು ಕೂತಿದ್ದಳು, ಮಡಿಲಲ್ಲಿ ಪಟ್ಟಿಯ ನಕಲು, ಮುಖದಲ್ಲಿ ಅದೇ ಮೂರನೆಯ ತರಗತಿಯ ಹೆಮ್ಮೆ. ಇತ್ತು ಎಂದರೆ ಜ್ವರ ಉಳಿಯುತ್ತದೆ, ಮನೆಯ ಕತೆ ಉಳಿಯುತ್ತದೆ, ಜ್ವರ ಇಲ್ಲದಿದ್ದರೆ ಗೆಲ್ಲುತ್ತಿದ್ದ ಅಪ್ಪ ಉಳಿಯುತ್ತಾನೆ. ಗುಬ್ಬಿ ಮಾತ್ರ ಹೋಗುತ್ತಾನೆ. ಇಲ್ಲ ಎಂದರೆ ಗುಬ್ಬಿ ಉಳಿಯುತ್ತಾನೆ, ಆದರೆ ಇಷ್ಟು ವರ್ಷ ಮಗಳ ಮುಂದೆ ಸುಳ್ಳು ಹೇಳಿದ ಮುದುಕನೊಬ್ಬ ಈ ಕೋಣೆಯ ಮಧ್ಯದಲ್ಲಿ ನಿಂತಿರುತ್ತಾನೆ. ಹೆಂಡತಿಯ ಕಡೆ ನೋಡಿದ. ಆಕೆ ತನ್ನ ಕೈಚೀಲದ ಜಿಪ್ಪನ್ನು ತೆಗೆಯುವುದರಲ್ಲಿ, ಹಾಕುವುದರಲ್ಲಿ ಮಗ್ನಳಾಗಿದ್ದಳು.

"ಇರಲಿಲ್ಲ," ಅಂದ ದರ್ಜಿ.

"ಜೋರಾಗಿ ಹೇಳಿ, ಬರೆದುಕೊಳ್ಳಬೇಕು."

"ಜ್ವರ ಇರಲಿಲ್ಲ ಮೇಡಂ. ನೂರೂ ಇರಲಿಲ್ಲ, ನೂರ ಮೂರೂ ಇರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಗಟ್ಟಿಮುಟ್ಟಾಗಿ ನಾನು ಯಾವತ್ತೂ ಇರಲಿಲ್ಲ. ನಾಲ್ಕು ತಿಂಗಳು ತಯಾರಿ ಮಾಡಿದ್ದೆ. ಬೆಳಿಗ್ಗೆ ಎದ್ದಾಗ ಇವತ್ತು ನನ್ನನ್ನ ಯಾರೂ ಹೊಡೆಯಕ್ಕಾಗಲ್ಲ ಅಂತ ಅನ್ನಿಸಿತ್ತು." ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. "ಇದ್ದ ಶಕ್ತಿಯೆಲ್ಲ ಹಾಕಿ ಹೊಡೆದೆ. ಅವನು ನನಗಿಂತ ದೊಡ್ಡವನಾಗಿದ್ದ. ಅಷ್ಟೇ ನಡೆದಿದ್ದು. ಅಷ್ಟನ್ನ ಹೇಳಕ್ಕಾಗದೆ ಜ್ವರ ಬರಿಸ್ಕೊಂಡೆ."

ಒಂದು ಕುರ್ಚಿ ಕಿರ್ರೆಂದಿತು. ಕಂಡಕ್ಟರು ಎದ್ದಿದ್ದ.

"ನನ್ನ ಬೂಟು ಹೊಸಾದು ಮೇಡಂ. ಜಾರಲಿಲ್ಲ. ಜಾರಿದ್ದು ನಾನು."

ಬೇಕರಿಯವನು ಕೂತಲ್ಲೇ ಎರಡು ಅಂಗೈಗಳನ್ನೂ ಎತ್ತಿ ತೋರಿಸಿದ. ಸುಟ್ಟ ಕಲೆಗಳಿಗೇನೂ ಕಡಿಮೆ ಇರಲಿಲ್ಲ. "ಇವೆಲ್ಲ ಆಮೇಲಿನವು," ಅಂದ. ಮೇಸ್ತ್ರಿ ಕೆಮ್ಮಿ, ಸುಣ್ಣ ಬಿದ್ದದ್ದು ನಿಜವೆಂದೂ ಆದರೆ ಅದು ಪಂದ್ಯದ ಮಾರನೆಯ ವಾರವೆಂದೂ ತಿಳಿಸಿದ. ಒಬ್ಬರಾದ ಮೇಲೆ ಒಬ್ಬರು ಎದ್ದರು. ಹೊಟ್ಟೆನೋವು ಹೋಯಿತು, ರೆಫರಿಯ ಪಕ್ಷಪಾತವೂ ಹೋಯಿತು. ಹದಿಮೂರನೆಯವನು ಮಾತ್ರ ತಲೆಯಾಡಿಸಿದ. "ನನ್ನ ಮಣಿಕಟ್ಟು ನಿಜವಾಗಲೂ ಮುರಿದಿತ್ತು. ಎಕ್ಸ್‌ರೇ ಇದೆ. ಸುಳ್ಳು ಅಂತ ಹೇಳಕ್ಕೆ ನನ್ನಿಂದಾಗಲ್ಲ." ಅಧ್ಯಕ್ಷೆ ಅದನ್ನೂ ಬರೆದುಕೊಂಡರು. ಎಲ್ಲರೂ ಒಪ್ಪಿಬಿಟ್ಟಿದ್ದರೆ ಅವರು ನಂಬುತ್ತಿದ್ದರೋ ಇಲ್ಲವೋ, ಆ ಎಕ್ಸ್‌ರೇಯಿಂದ ಉಳಿದವರ ಮಾತಿಗೂ ಬಲ ಬಂತು.

ಅವರು ಕಿಟಕಿಯ ಕಡೆ ತಿರುಗಿದರು. "ನೀವು ಏನಾದರೂ ಹೇಳೋದಿದೆಯಾ?"

ಗುಬ್ಬಿ ಚೀಲವನ್ನು ಕೆಳಗಿಟ್ಟ. ಆರು ವರ್ಷ ಚಾಂಪಿಯನ್ ಆಗಿದ್ದಾಗಲೂ ಅವನು ಸಂದರ್ಶನದಲ್ಲಿ ಎರಡು ವಾಕ್ಯ ದಾಟಿದವನಲ್ಲ.

"ನನ್ನ ವಿಷಯ ನೀವು ನೋಡ್ಕೊಳ್ಳಿ. ಇವರ ವಿಷಯ ಒಂದು ಹೇಳಬೇಕು," ಎಂದು ದರ್ಜಿಯತ್ತ ಬೆರಳು ತೋರಿಸಿದ. "ಆರನೇ ಸುತ್ತು. ಇವರು ಎಡಗೈಯಲ್ಲಿ ನನಗೆ ಬಲಗಡೆ ಪಕ್ಕೆ ಕೆಳಗೆ ಒಂದು ಕೊಟ್ಟರು. ಕಾಲು ಸತ್ತೇ ಹೋಯ್ತು. ಕೂತುಬಿಡೋಣ ಅನ್ನಿಸ್ತು. ಹದಿನಾಲ್ಕು ಪಂದ್ಯದಲ್ಲಿ ಹಾಗೆ ಅನ್ನಿಸಿದ್ದು ಅದೊಂದೇ ಸಲ. ನಿಂತ್ಕೊಂಡೇ ಯೋಚನೆ ಮಾಡಿದ್ದೆ, ಸೋತರೆ ಜನಕ್ಕೆ ಏನು ಹೇಳೋದು ಅಂತ." ಅವನು ಮೊದಲ ಸಲ ನಕ್ಕ. "ಜ್ವರ ಇತ್ತು ಅಂತ ಹೇಳೋಣ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ."

ಆಗ ಎದ್ದ ನಗುವಿಗೆ ಕೆಳಗಿನ ಮಹಡಿಯ ಗುಮಾಸ್ತ ಓಡಿ ಬಂದು ಬಾಗಿಲಲ್ಲಿ ಇಣುಕಿದ. ಮೇಸ್ತ್ರಿ ಕಣ್ಣೀರು ಬರುವವರೆಗೆ ನಕ್ಕ. ಅಧ್ಯಕ್ಷೆಯೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು. ದರ್ಜಿ ಮಾತ್ರ ನಿಂತೇ ಇದ್ದ. ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆ ಹೊಡೆತ ಅವನಿಗೆ ನೆನಪಿತ್ತು. ಹೊಡೆದ ಮೇಲೆ ಗುಬ್ಬಿಯ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಇವನಿಗೆ ಏನೂ ಆಗುವುದಿಲ್ಲ ಎಂದು ದರ್ಜಿ ಆ ಕ್ಷಣವೇ ಒಳಗೊಳಗೆ ಸೋತಿದ್ದ. ಒಂದೇ ಒಂದು ಹೊಡೆತ ಮತ್ತೆ ಅಲ್ಲೇ ಹಾಕಿದ್ದರೆ ಎಂದು ಹಲುಬಬೇಕಾದ ಹೊತ್ತು ಅದು. ಆದರೆ ಅವನಿಗೆ ಹಲುಬಬೇಕೆನಿಸಲಿಲ್ಲ. ಎದೆ ಉಬ್ಬಿ, ಅಂಗಿಯ ಗುಂಡಿ ಬಿಗಿಯಾದಂತಾಯಿತು. ಅಂಗಿ ಅವನೇ ಹೊಲಿದದ್ದು.

ಸಮಿತಿ ಪಕ್ಕದ ಕೋಣೆಗೆ ಹೋಗಿ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮರಳಿತು. ಐವರಲ್ಲಿ ನಾಲ್ವರು ಗುಬ್ಬಿಯ ಪರ. ಐದನೆಯವರು ಮಿಂಚನ್ನು ಬಿಡಲಿಲ್ಲ, ಅದು ಅವರ ಇಷ್ಟ. ಅಧ್ಯಕ್ಷೆ ಇನ್ನೊಂದು ಮಾತು ಸೇರಿಸಿದರು. ಫಲಕದಲ್ಲಿ ಗುಬ್ಬಿಯ ಹೆಸರಿನ ಕೆಳಗೆ ಆ ಹದಿನಾಲ್ಕು ಮಂದಿಯ ಹೆಸರನ್ನೂ, ಒಬ್ಬೊಬ್ಬರ ಆ ದಿನದ ಗೆಲುವು ಸೋಲನ್ನೂ ಕೆತ್ತಬೇಕು.

ಮುದುಕರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಳೆಯ ಅಭ್ಯಾಸದಿಂದ ಎಲ್ಲರೂ ತಬ್ಬುವಾಗ ಗದ್ದ ಒಳಕ್ಕೆ ಎಳೆದುಕೊಂಡೇ ತಬ್ಬಿದರು. ಕಂಡಕ್ಟರು ಗುಬ್ಬಿಯ ಮುಂದೆ ನಿಂತು, ದವಡೆ ಕಟಕಟ ಅನ್ನಿಸಿ ಕೇಳಿಸಿದ. ಗುಬ್ಬಿ ಕಿವಿಗೊಟ್ಟು ಗಂಭೀರವಾಗಿ ಆಲಿಸಿ, "ಇದು ನಂದೇ," ಅಂದ.

ಮೆಟ್ಟಿಲು ಇಳಿಯುವಾಗ ಮಗಳು ಅಪ್ಪನಿಗಿಂತ ಎರಡು ಮೆಟ್ಟಿಲು ಮುಂದೆಯೇ ಇದ್ದಳು. ದರ್ಜಿಗೆ ಗೆಲುವಿನ ಮಧ್ಯೆಯೂ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಕೊನೆಯ ಮೆಟ್ಟಿಲಲ್ಲಿ ನಿಂತ. "ನಿನಗೆ ಬೇಜಾರಾಯ್ತೇನಮ್ಮ?"

"ಆಗಿತ್ತು. ನೀನು ಇರಲಿಲ್ಲ ಅಂದಾಗ ಒಂದು ನಿಮಿಷ ಆಗಿತ್ತು," ಅಂದಳು ಮಗಳು. "ಆಮೇಲೆ ಅವರು ಆರನೇ ಸುತ್ತಿನ ಮಾತು ಹೇಳಿದ್ರಲ್ಲ. ಜ್ವರ ಇದ್ದೋನಿಗಿಂತ ಇವನೇ ವಾಸಿ ಅನ್ನಿಸ್ತು ಅಪ್ಪ." ಆಮೇಲೆ ತಾಯಿಯ ಕಡೆ ತಿರುಗಿದಳು. "ಅಮ್ಮ, ನಿನಗೆ ಆಶ್ಚರ್ಯನೇ ಆಗಲಿಲ್ವಾ?"

"ಆಶ್ಚರ್ಯ ಯಾಕೆ? ಅವತ್ತು ಬೆಳಿಗ್ಗೆ ಇವರ ಬಾಯಲ್ಲಿ ಥರ್ಮಾಮೀಟರ್ ಇಟ್ಟೋಳು ನಾನೇ. ತೊಂಬತ್ತೆಂಟೂವರೆ ಇತ್ತು."

ದರ್ಜಿ ಹೆಂಡತಿಯತ್ತ ತಿರುಗಿದ. "ಮತ್ತೆ ಇಷ್ಟು ವರ್ಷ ನೀನು..."

"ನಿಮಗೆ ಆ ಜ್ವರ ಬೇಕಾಗಿತ್ತು, ನಾನೂ ಅದನ್ನ ಸಾಕಿಕೊಂಡೆ. ಎಷ್ಟು ಜ್ವರಗಳನ್ನ ಇಳಿಸಿದ್ದೀನಿ ಆಸ್ಪತ್ರೆಯಲ್ಲಿ, ಇದೊಂದು ನನ್ನ ಕೈಲಿ ಇಳೀಲಿಲ್ಲ. ಇವತ್ತು ತಾನಾಗಿ ಇಳೀತಲ್ಲ ಬಿಡಿ." ಆಕೆ ಕೈಚೀಲದ ಜಿಪ್ಪು ಎಳೆದು ಮುಂದೆ ನಡೆದಳು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಗುಬ್ಬಿ ಸಲಕರಣೆಗಳ ಚೀಲದೊಂದಿಗೆ ಅಂಗಡಿಗೆ ಬಂದ. ಫಲಕ ತೆರೆಯುವ ದಿನಕ್ಕೆ ಒಂದು ಕೋಟು ಬೇಕಿತ್ತು. ಹೊಲಿಗೆಯ ಖರ್ಚಿನ ಮಾತು ಅವನು ಎತ್ತುವ ಮುಂಚೆಯೇ ದರ್ಜಿ ಕೈಯಾಡಿಸಿ ಬಾಯಿ ಮುಚ್ಚಿಸಿದ. ಕನ್ನಡಿಯ ಮುಂದೆ ಗುಬ್ಬಿ ಎರಡು ಕೈಗಳನ್ನೂ ಪಕ್ಕಕ್ಕೆ ಚಾಚಿ ನಿಂತ. ಮುಷ್ಟಿ ಬಿಚ್ಚಿತ್ತು, ಪಕ್ಕೆಗಳು ತೆರೆದಿದ್ದವು. ಆ ನಿಲುವಿನಲ್ಲಿ ಅವನನ್ನು ನೋಡಬೇಕೆಂದು ಒಂದು ಕಾಲಕ್ಕೆ ಹದಿನಾಲ್ಕು ಮಂದಿ ಜೀವ ತೇಯ್ದಿದ್ದರು.

ದರ್ಜಿ ಹೆಗಲು ಅಳೆದ, ತೋಳು ಅಳೆದ, ಟೇಪನ್ನು ಎದೆಯ ಸುತ್ತ ತಂದ. ಅಳತೆ ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ತಾರೀಖು ಹಾಕಿದ. ಆಮೇಲೆ ಟೇಪು ಬಲಗಡೆಯ ಪಕ್ಕೆಯ ಕೆಳಗೆ ಇಳಿಯಿತು. ಗುಬ್ಬಿ ಸಣ್ಣಗೆ ಮೈ ಸೆಳೆದುಕೊಂಡ.

"ಮೆಲ್ಲಗೆ. ಅಲ್ಲೇ ಅದು."

"ಇಲ್ಲೇನಾ?"

"ಅಲ್ಲೇ."

ದರ್ಜಿ ಅಂಕಿ ನೋಡಿದ, ಬರೆದುಕೊಂಡ. ಅಗತ್ಯ ಇರಲಿಲ್ಲ, ಆದರೂ ಅದೇ ಜಾಗದ ಅಳತೆಯನ್ನು ಇನ್ನೊಂದು ಸಲ ತೆಗೆದ.